ಕಡಲಡಿಯ ಕೆಸರು, ನಮ್ಮ ಬಾವಿಯ ದೀಪ

ಹೆಬ್ಬಾಳದ ಕೆರೆಯ ಹಿಂದಿನ ಕೇರಿಯಲ್ಲಿ ನಮ್ಮ ಮನೆ. ಐವತ್ತರ ದಶಕದಲ್ಲಿ ಅಲ್ಲಿ ಬೇಸಿಗೆ ಬಂತೆಂದರೆ ಬಾವಿಯ ಹೂಳೆತ್ತುವ ಕೆಲಸ. ಯಾರಾದರೂ ಇಳಿಯುವ ಮೊದಲು ಮನೆಯ ಹೆಂಗಸು ದೇವರ ಮನೆಯ ದೀಪವನ್ನು ಬಕೆಟ್ಟಿನಲ್ಲಿಟ್ಟು ಬಾವಿಗೆ ಇಳಿಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ಉರಿದರೆ ಇಳಿಯಬಹುದು.

ಒಂದು ವರ್ಷ ಅಮ್ಮ ಬಗ್ಗಿ ನೋಡಿ, “ಸಂದಾಗಿ ಉರೀತೈತೆ, ಇಳೀರಿ” ಎಂದಳು. ಅಪ್ಪ ಇಳಿದರು. ಕೆಲವು ಬುಟ್ಟಿ ಕಪ್ಪು ಕೆಸರು ಮೇಲೆ ಬಂತು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ಹಗ್ಗ ಅಲುಗಲಿಲ್ಲ. ಅಪ್ಪನನ್ನು ಮೇಲಕ್ಕೆ ತರುವಷ್ಟರಲ್ಲಿ ಜೀವ ಹೋಗಿತ್ತು.

ಅಮ್ಮ ಅಳಲಿಲ್ಲ. ಕಲ್ಲೆದೆಯವಳು ಎಂದು ಕೇರಿಯ ಹೆಂಗಸರು ಆಡಿಕೊಂಡರು. ದೀಪವನ್ನು ಕಣ್ಣು ಬಿಟ್ಟು ನೋಡಿದ್ದರೆ ಗಂಡ ಉಳಿಯುತ್ತಿದ್ದ ಎಂದೂ ಅಂದರು. ಹಾಗೆ ಅಂದವರ ಮನೆಯ ಹಬ್ಬದೂಟಕ್ಕೆ ನಾನು ಇವತ್ತಿಗೂ ಹೋಗಿಲ್ಲ. ಅಮ್ಮ ದೇವರ ದೀಪವನ್ನು ಮತ್ತೆ ಮುಟ್ಟಲಿಲ್ಲ. ದೀಪ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಅರವತ್ತರ ದಶಕದಲ್ಲಿ ನಾನು ಕಾಲೇಜೊಂದರ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದೆ. ಒಮ್ಮೆ ಯಶವಂತಪುರ ಸ್ಟೇಷನ್ನಿಗೆ ನಮ್ಮ ಪ್ರಯೋಗಾಲಯದ ಹೆಸರಿಗೆ ಮರದ ಪೆಟ್ಟಿಗೆ ಬಂತು. ಒಳಗೆ ಒಣಹುಲ್ಲಿನ ನಡುವೆ ಗಾಜಿನ ಜಾಡಿಗಳು, ಜಾಡಿಗಳಲ್ಲಿ ಅರಬ್ಬಿ ಸಮುದ್ರದ ಆಳದಿಂದ ಸಂಶೋಧನೆಯ ಹಡಗಿನವರು ಎತ್ತಿದ ಕೆಸರು. ಚಿಟಿಕೆ ಕೆಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಕು, ರಾಗಿಕಾಳಿಗಿಂತ ಸಣ್ಣ ಚಿಪ್ಪುಗಳು, ಕೂದಲೆಳೆಯಂಥ ಹುಳುಗಳು. ಬೆಳಕೇ ಕಾಣದ ಜಾಗದಲ್ಲಿ ಇಷ್ಟೊಂದು ಬಗೆಯ ಜೀವಗಳೇ ಎಂದು ಬೆರಗಾದೆ.

ಕೊನೆಯ ಜಾಡಿಯ ಕೆಸರು ಕಪ್ಪಗಿತ್ತು. ಮುಚ್ಚಳ ತೆಗೆದದ್ದೇ ತಡ, ಅದೇ ವಾಸನೆ. ಜಾಡಿ ಅಲ್ಲೇ ಇಟ್ಟು ವರಾಂಡಕ್ಕೆ ಹೋದೆ.

ಹಿಂದೆಯೇ ಬಂದ ಪ್ರಯೋಗಾಲಯದ ಮೇಷ್ಟ್ರು ಅಪ್ಪನ ವಿಷಯ ಕೇಳಿ ವಿವರಿಸಿದರು. ಕೆಸರಿನೊಳಗೆ ಆಮ್ಲಜನಕವಿಲ್ಲದ ಕಡೆಯೂ ಸೂಕ್ಷ್ಮಜೀವಿಗಳು ಬದುಕುತ್ತವೆ. ನೀರಿನಲ್ಲಿ ಕರಗಿದ ಗಂಧಕದ ಲವಣವನ್ನೇ ಉಸಿರಾಟಕ್ಕೆ ಬಳಸುತ್ತವೆ. ಅವು ಹೊರಬಿಡುವ ಅನಿಲ ಇದು. ಕೆರೆ, ಬಾವಿಯ ಹೂಳಿನಲ್ಲೂ ಆಗುತ್ತದೆ. ಕೆದಕುವವರೆಗೆ ಕೆಸರಿನಲ್ಲೇ ಅಡಗಿರುತ್ತದೆ. ಕೆದಕಿದಾಗ ಒಮ್ಮೆಲೇ ಹೊರಬಂದರೆ ಮನುಷ್ಯ ಉಳಿಯುವುದಿಲ್ಲ.

“ದೀಪ ಆರೋದಿಲ್ವಾ ಸಾರ್?” ಎಂದು ಕೇಳಿದೆ.

“ಮನುಷ್ಯನ್ನ ಕೊಲ್ಲೋಷ್ಟು ಅನಿಲ ಇದ್ರೂ ದೀಪ ಉರೀತಾನೇ ಇರುತ್ತಮ್ಮ” ಎಂದರು.

ಆ ಸಂಜೆ ಅಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು, ಕೆಟ್ಟ ಗಾಳಿ ಬಂದದ್ದು ಕೆಸರು ಕೆದಕಿದ ಮೇಲೆ ಎಂದು ಹೇಳಿದೆ. ನೀನು ನೋಡಿದ್ದು ಸರಿಯಾಗೇ ಇತ್ತು ಅಂದೆ. ಅವಳ ಕೈ ನಿಲ್ಲಲಿಲ್ಲ.

“ನಾನು ಸರಿಯಾಗಿ ನೋಡಿದ್ದು ನಂಗೊತ್ತು” ಎಂದಳು. “ಅವರು ಇಳಿದ ಮ್ಯಾಲೆ ದೀಪಾನ ಮ್ಯಾಕೆ ಸೇದ್ಕೊಂಬಿಟ್ಟೆ ಕಣೆ. ದೇವ್ರ ದೀಪ, ಕೆಸರು ಸಿಡಿದು ಆರೋದ್ರೆ ಅಂತ. ಅಲ್ಲೇ ಬಿಟ್ಟಿದ್ರೆ, ಕೆಟ್ಟ ಗಾಳಿ ಬಂದಾಗ ಆರಿರೋದು. ಅವರು ಮ್ಯಾಕೆ ಅತ್ತಿ ಬಂದಿರೋರು.”

ಇಷ್ಟು ವರ್ಷ ಅವಳು ಹೊತ್ತಿದ್ದು ಇದನ್ನು ಎಂದು ನನಗೆ ಹೊಳೆದೇ ಇರಲಿಲ್ಲ.

“ಆರ್ತಿರಲಿಲ್ಲಮ್ಮ. ಅಲ್ಲೇ ಬಿಟ್ಟಿದ್ರೂ ಉರೀತಾನೇ ಇರ್ತಿತ್ತು” ಎಂದೆ.

“ದಿಟವಾಗ್ಲೂ?”

“ದಿಟ.”

ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅಪ್ಪ ಸತ್ತ ದಿನ ಅಳದ ಅಮ್ಮ, ಸೆರಗನ್ನು ಬಾಯಿಗೆ ಒತ್ತಿಕೊಂಡು ಆಗ ಅತ್ತಳು.