ನಲವತ್ತೆರಡು ಕಿಲೋ

ಲಿಫ್ಟಿನೊಳಗೆ ಭಾರ ಹೆಚ್ಚಾದಾಗ ಅದು ಒಂದು ಸದ್ದು ಮಾಡುತ್ತದಲ್ಲ, ನೀವೂ ಕೇಳಿರುತ್ತೀರಿ. ಕೊನೆಗೆ ಹತ್ತಿದವರು ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕು ಹೊರಗೆ ಬರುತ್ತಾರೆ, ಸದ್ದು ನಿಲ್ಲುತ್ತದೆ, ಬಾಗಿಲು ಮುಚ್ಚುತ್ತದೆ. ಅಷ್ಟೇ ವಿಷಯ. ಆದರೆ ಹೋದ ಶನಿವಾರ, ಹಾಡಹಗಲು ಹನ್ನೊಂದು ಗಂಟೆಗೆ, ಮಲ್ಲೇಶ್ವರದ ಒಂದು ಹೊಸ ಅಪಾರ್ಟ್‌ಮೆಂಟಿನಲ್ಲಿ ಆ ಸದ್ದು ಕೇಳಿ ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆ.

ಅಲ್ಲಿ ಮೂರನೇ ಮಹಡಿಯಲ್ಲಿ ಚನ್ನೇಗೌಡನ ಮಗಳು ಮನೆ ಮಾಡಿದ್ದಾಳೆ. ನೋಡಿಬರಲು ಮೂವರು ಹೋಗಿದ್ದೆವು: ಗೌಡ, ಮುನಿರಾಜು, ನಾನು. ಒಂದು ಕಾಲದಲ್ಲಿ ಮೂವರೂ ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದವರು. ಈಗ ಸಂಪಿಗೆ ರಸ್ತೆ ದಾಟುವುದೇ ನಮಗೆ ದೊಡ್ಡ ಸಾಹಸ. ಗೇಟಿನಲ್ಲಿ ಸೆಕ್ಯೂರಿಟಿಯವನು ರಿಜಿಸ್ಟರ್ ಚಾಚಿದ. ‘ಎಷ್ಟು ಜನ’ ಎಂಬ ಕಡೆ ಮುನಿರಾಜು ಮೂರು ಎಂದು ಬರೆದ. ಲಿಫ್ಟ್ ಹತ್ತಿದೆವು. ಅದು ಅರಚಿಕೊಂಡಿತು.

ಹೆಲಿಕಾಪ್ಟರಿನವರಿಗೆ ಒಂದು ಚಾಳಿಯಿದೆ. ನಮಗೆ ಮನುಷ್ಯರು ಕಿಲೋದಲ್ಲಿ ಕಾಣಿಸುತ್ತಾರೆ. ಎಷ್ಟು ಜನ, ಎಷ್ಟು ಭಾರ, ಎಷ್ಟು ಇಂಧನ ಎಂದು ಲೆಕ್ಕ ಹಾಕದೆ ನಾವು ನೆಲ ಬಿಡುವಂತಿರಲಿಲ್ಲ. ಹಳ್ಳಿಗಾಡಿನಲ್ಲಿ ತಕ್ಕಡಿ ಎಲ್ಲಿಂದ ತರುವುದು? ಕಣ್ಣೇ ತಕ್ಕಡಿ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಸಾಲಾಗಿ ಬಂದರೆ ಎಲ್ಲರೂ ಸೀರೆ ನೋಡುತ್ತಾರೆ, ನಾನು ಇವರನ್ನು ಎಷ್ಟು ಸರದಿಯಲ್ಲಿ ಸಾಗಿಸಬಹುದು ಎಂದು ನೋಡುತ್ತೇನೆ. ನನ್ನ ಹೆಂಡತಿಯನ್ನು ಮೊದಲ ಸಲ ಕಂಡಾಗ ನನಗೆ ತೋಚಿದ್ದು ‘ಐವತ್ತೊಂದು’. ಎಷ್ಟೋ ವರ್ಷದ ಮೇಲೆ ಬಾಯಿತಪ್ಪಿ ಅದನ್ನು ಹೇಳಿಬಿಟ್ಟು ಒಂದು ವಾರ ಉಪ್ಪಿಲ್ಲದ ಸಾರು ಉಂಡೆ.

ಹೀಗಾಗಿ ಲಿಫ್ಟಿನ ಗೋಡೆಯ ಮೇಲಿನ ‘ನಾಲ್ಕು ಜನ, 272 ಕಿಲೋ’ ಎಂಬುದನ್ನು ಓದಿದ ತಕ್ಷಣ ನನ್ನ ತಲೆ ತಾನಾಗಿ ಕೂಡಿಹಾಕಿತು. ಗೌಡ ತೊಂಬತ್ತೈದು. ಮುನಿರಾಜು ಎಪ್ಪತ್ತೆಂಟು. ನಾನು ಎಪ್ಪತ್ತು. ಇನ್ನೂರ ನಲವತ್ತಮೂರು. ಇಪ್ಪತ್ತೊಂಬತ್ತು ಕಿಲೋ ಉಳಿಯಬೇಕು. ಆದರೂ ಅದು ಅರಚುತ್ತಲೇ ಇತ್ತು.

“ನಮ್ ಜೊತೆ ಇನ್ಯಾರೋ ಹತ್ತವ್ರೆ ಕಣ್ರೋ” ಎಂದು ಗೌಡ ಹೊಟ್ಟೆ ಕುಣಿಸಿ ನಕ್ಕ. ನಾನು ಮುನಿರಾಜುವಿನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಇಬ್ಬರೂ ಹೊರಗೆ ಬಂದು ಮೆಟ್ಟಿಲು ಹತ್ತಿದೆವು. ಗೌಡ ಒಬ್ಬನೇ ಲಿಫ್ಟಿನಲ್ಲಿ ಹೋದ.

ಬಸವನಗುಡಿಯ ನಮ್ಮ ಮನೆಯ ವರಾಂಡದಲ್ಲಿ ಶನಿವಾರ ಬೆಳಿಗ್ಗೆ ನಾವು ಮೂವರು ಸೇರುವುದು ವಾಡಿಕೆ. ಉಪ್ಪಿಟ್ಟು, ಕಾಫಿ, ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರೂ ಸರ್ವಿಸಿನಲ್ಲಿ ಮುರಿದ ಒಂದೊಂದು ನಿಯಮದ ಕತೆ ಹೇಳಬೇಕು. ನನ್ನ ಹೆಂಡತಿ ಇದಕ್ಕೆ ತಪ್ಪೊಪ್ಪಿಗೆ ಸಭೆ ಎಂದು ಹೆಸರಿಟ್ಟಿದ್ದಾಳೆ. ಚನ್ನೇಗೌಡ ಒಮ್ಮೆ ಅಮ್ಮನಿಗೆ ತನ್ನ ವಿದ್ಯೆ ತೋರಿಸಲು ವೈಯಾಲಿಕಾವಲಿನ ಅವರ ಮನೆಯ ಮೇಲೆ ತೀರಾ ಕೆಳಗೆ ಹಾರಿದ್ದನಂತೆ. ಟೆರೇಸಿನಲ್ಲಿ ಒಣಹಾಕಿದ್ದ ಹಪ್ಪಳಗಳೆಲ್ಲ ಪಕ್ಕದ ಕ್ರಾಸಿಗೆ ಹೋಗಿ ಬಿದ್ದವು. ರಜೆಗೆ ಬಂದ ಮಗನಿಗೆ ಆಕೆ ಬಾಗಿಲಲ್ಲೇ ಹೇಳಿದ ಮೊದಲ ಮಾತು: “ನಿನ್ ಹೆಲಿಕಾಪ್ಟರ್‌ಗೆ ಬೆಂಕಿ ಹಾಕ. ಮೂರು ದಿನದ ಕೆಲ್ಸ ಕಣೋ ಅದು.” ಮುನಿರಾಜು ಚಾಮರಾಜಪೇಟೆಯವನು, ಬಾಯಿಚಪಲದವನು. ಯಾರದೋ ಹೊಲದ ಪಕ್ಕ ಇಳಿದು ಒಂದು ಮೂಟೆ ಸೊಗಡಿನ ಅವರೆಕಾಯಿ ತುಂಬಿಕೊಂಡು, ಭಾರದ ಲೆಕ್ಕದಲ್ಲಿ ಅದನ್ನು ‘ಟಪಾಲು’ ಎಂದು ಬರೆದಿದ್ದ. ನಾನು ಹೇಳುತ್ತಿದ್ದುದು ಒಂದೇ ಕತೆ, ಹೆಲ್ಮೆಟ್ಟಿನಲ್ಲಿ ನಾಯಿಮರಿ ಸಾಗಿಸಿದ್ದು. ಸಾವಿರ ಸಲ ಹೇಳಿದ್ದೇನೆ. ಬೇರೆ ಹೇಳು ಎಂದು ಗೌಡ ಪೀಡಿಸಿದರೆ, ಮುನಿರಾಜು ತಟ್ಟೆಯ ಕಡೆ ನೋಡುತ್ತ ಉಪ್ಪಿಟ್ಟಿಗೆ ಇನ್ನಷ್ಟು ಚಟ್ನಿ ಹಾಕಿಕೊಳ್ಳುತ್ತಿದ್ದ.

ಆ ಬೇರೆಯದನ್ನು ನಿಮಗೆ ಹೇಳುತ್ತೇನೆ.

ಸರ್ವಿಸಿನಲ್ಲಿದ್ದಾಗ ಒಮ್ಮೆ ನಮ್ಮ ರಾಜ್ಯದ ಉತ್ತರದ ಕಡೆ ಒಂದು ನದಿ ಊರಿಗೆ ನುಗ್ಗಿತ್ತು. ಛಾವಣಿಗಳ ಮೇಲೆ ನಿಂತವರನ್ನು ಸಾಗಿಸುವುದು ನಮ್ಮ ಕೆಲಸ. ಸಣ್ಣ ಹೆಲಿಕಾಪ್ಟರು, ಜನ ಬೇಗ ಹತ್ತಲೆಂದು ಹಿಂದಿನ ಬಾಗಿಲುಗಳನ್ನು ಕಳಚಿದ್ದೆವು. ಹಿಂದಿನ ಸೀಟಿಗೆ ನಾಲ್ಕೇ ಬೆಲ್ಟು, ಅಂದಿನ ನಿಯಮವೂ ನಾಲ್ಕೇ ಜನ. ನಡೆಸುತ್ತಿದ್ದವನು ನಾನು, ಪಕ್ಕದಲ್ಲಿ ಕೋಪೈಲಟ್ ಮುನಿರಾಜು. ಸಂಜೆ ಹತ್ತಿರವಾಗಿತ್ತು. ಒಂದು ಶಾಲೆಯ ಛಾವಣಿಯ ಮೇಲೆ ಐದು ಜನರಿದ್ದರು: ಗಂಡ, ಹೆಂಡತಿ, ಎರಡು ಮಕ್ಕಳು, ಮತ್ತು ಅವರಿಗೆ ಸಂಬಂಧವಿಲ್ಲದ ಒಬ್ಬ ಮುದುಕಿ. ಹಸಿರು ಸೀರೆ. ನಲವತ್ತೆರಡು ಕಿಲೋ ಎಂದು ನನ್ನ ಕಣ್ಣು ಹೇಳಿತು. ನೀರು ಕಿಟಕಿ ದಾಟಿತ್ತು. ನಾವು ಮತ್ತೆ ಬರುವಷ್ಟರಲ್ಲಿ ಆ ಛಾವಣಿ ಇರುತ್ತದೆಂಬ ನಂಬಿಕೆ ಇರಲಿಲ್ಲ. ಐವರನ್ನೂ ಹತ್ತಿಸಿಕೊಂಡೆ. ಆಕೆ ಹತ್ತುವಾಗ ಆಸರೆಗೆಂದು ಹಿಂದಿನಿಂದ ನನ್ನ ಎಡಭುಜ ಹಿಡಿದಳು. ಒದ್ದೆ ಕೈ. ಆಮೇಲೆ ಬಾಗಿಲಿಲ್ಲದ ಅಂಚಿನಲ್ಲಿ, ಬೆಲ್ಟಿಲ್ಲದೆ ಕೂತಳು.

ಪ್ರತಿ ಸಲ ನೆಲ ಬಿಡುವ ಮೊದಲು ಲೋಡ್ ಶೀಟ್ ಎಂಬ ಹಾಳೆಯಲ್ಲಿ ಎಷ್ಟು ಜನ ಹತ್ತಿದರು ಎಂದು ಬರೆಯಬೇಕು. ಮುನಿರಾಜು ಪೆನ್ಸಿಲ್ ಹಿಡಿದು ನನ್ನತ್ತ ನೋಡಿದ. ಆ ಗದ್ದಲದಲ್ಲಿ ನಮ್ಮದು ಬೆರಳಿನ ಭಾಷೆ. ಮೇಲಿನವರು ಕೇಳಿದರೆ ತಲೆನೋವು ಬೇಡವೆಂದು ನಾನು ನಾಲ್ಕು ಬೆರಳು ತೋರಿಸಿದೆ. ಅವನು ನಾಲ್ಕು ಎಂದು ಬರೆದ.

ಹದಿನೈದು ನಿಮಿಷದ ದಾರಿ. ಮಧ್ಯೆ ಒಮ್ಮೆ ಗಾಳಿ ನಮ್ಮನ್ನು ಜೋರಾಗಿ ಓಲಾಡಿಸಿತು. ಶಿಬಿರದ ಮೈದಾನದಲ್ಲಿ ಗಂಡ, ಹೆಂಡತಿ, ಮಕ್ಕಳು ಇಳಿದು ತಲೆ ತಗ್ಗಿಸಿಕೊಂಡು ಓಡಿದರು. ನಾಲ್ಕು ಜನ. ಮುನಿರಾಜು ಹಿಂದಕ್ಕೆ ತಿರುಗಿ ನೋಡಿದ. ಸೀಟು ಖಾಲಿ.

ನಾವು ಮತ್ತೆ ನೆಲ ಬಿಟ್ಟು ನಿಲ್ದಾಣದ ಕಡೆ ತಿರುಗಿದೆವು. ನಮ್ಮ ಮುಂದೆ ಒಂದು ಮುಳ್ಳು ಇರುತ್ತದೆ, ಎಂಜಿನ್ನಿನ ಮೇಲೆ ಎಷ್ಟು ಹೊರೆಯಿದೆ ಎಂದು ತೋರಿಸುವುದು. ಖಾಲಿ ಹೆಲಿಕಾಪ್ಟರಿಗೆ ಅದು ಎಲ್ಲಿ ನಿಲ್ಲಬೇಕೆಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅಂದು ಅದು ಅದಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತಿತ್ತು. ಒಬ್ಬ ಸಣಕಲು ಮನುಷ್ಯನ ಭಾರದಷ್ಟು ಮೇಲೆ. ತೆರೆದ ಬಾಗಿಲಿಂದ ಗಾಳಿ ನುಗ್ಗುತ್ತಿತ್ತು, ಆದರೂ ನನ್ನ ಎಡಭುಜದ ಒದ್ದೆ ಆರಲಿಲ್ಲ. ನಿಲ್ದಾಣ ಮುಟ್ಟುವವರೆಗೂ ನಾನು ಹಿಂದಕ್ಕೆ ತಿರುಗಲಿಲ್ಲ. ಹೆದರಿದ್ದೆ. ಮಾರನೆಯ ದಿನ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ನೋಡಿ, “ಮುಳ್ಳು ಸರಿಯಾಗೇ ಇದೆ ಸಾರ್” ಎಂದ.

ಐದಾರು ದಿನದ ಮೇಲೆ ಒಬ್ಬ ರೈತ ನಮ್ಮ ಬಿಡಾರಕ್ಕೆ ಬಂದ. “ನಮ್ಮವ್ವ ನಿಮ್ಮ ಹೆಲಿಕಾಪ್ಟರ್ ಹತ್ಯಾಳ್ರೀ ಸಾಹೇಬ್ರ. ಬಾಜೂ ಮಾಳಿಗಿ ಮ್ಯಾಲಿನ ಮಂದಿ ನೋಡ್ಯಾರ.” ಅಧಿಕಾರಿ ಹಾಳೆ ತೆಗೆದು ತೋರಿಸಿದರು: ಹತ್ತಿದವರು ನಾಲ್ಕು, ಇಳಿದವರು ನಾಲ್ಕು. ಅವನು ನನ್ನ ಕಡೆ ತಿರುಗಿದ. “ನಡಸಿದವ್ರು ನೀವ ಏನ್ರೀ?”

“ಹೌದು. ನಾಲ್ಕೇ ಜನ” ಎಂದೆ.

“ಹಂಗಾರ ಬ್ಯಾರೆ ಊರಾಗ ಇರಬೇಕ್ರಿ. ಹುಡಕತೀನಿ” ಎಂದು ಕೈಮುಗಿದು ಹೋದ.

ಆಕೆಯನ್ನು ಹತ್ತಿಸಿಕೊಂಡದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಬೆಲ್ಟು ಸಾಲದಿದ್ದಾಗ ನಮ್ಮಿಬ್ಬರಲ್ಲಿ ಒಬ್ಬ ಇಳಿದು ಛಾವಣಿಯ ಮೇಲೆ ಕಾಯಬಹುದಿತ್ತು. ಮುಂದಿನ ಸೀಟಿಗೂ ಬೆಲ್ಟಿತ್ತು. ಆ ಯೋಚನೆ ಅಂದು ಬರಲಿಲ್ಲ, ಆಮೇಲೆ ಬಾರದ ದಿನವಿಲ್ಲ. ಹಾಳೆಯಲ್ಲಿ ಐದು ಎಂದಿದ್ದಿದ್ದರೆ ಅಂದೇ ಹುಡುಕುತ್ತಿದ್ದರು. ನಾಲ್ಕು ಎಂದದ್ದಕ್ಕೆ ಆಕೆ ಕಳೆದುಹೋದವರ ಪಟ್ಟಿಗೂ ಬರಲಿಲ್ಲ. ನಾಚಿಕೆಯಾಗುತ್ತದೆ, ಸುತ್ತಿಬಳಸದೆ ಹೇಳುತ್ತೇನೆ.

ಮಳೆಗಾಲದಲ್ಲಿ ನನ್ನ ಎಡಭುಜ ತಣ್ಣಗಿರುತ್ತದೆ. ಹೆಂಡತಿ ಎಳ್ಳೆಣ್ಣೆ ತಿಕ್ಕುತ್ತಾಳೆ, ವಾತ ಎನ್ನುತ್ತಾಳೆ. ನಾನೂ ಹೂಂ ಎನ್ನುತ್ತೇನೆ.

ಈ ಶನಿವಾರ ನನ್ನ ಸರದಿ ಬಂದಾಗ ನಾಯಿಮರಿಯನ್ನು ಬಿಟ್ಟು ಇದನ್ನು ಹೇಳಿದೆ. ಗೌಡ ಕಾಫಿ ಆರಲು ಬಿಟ್ಟು ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಕೇಳಿದ: “ಆ ಮಗ ಇನ್ನೂ ಹುಡುಕ್ತಾ ಇದ್ರೆ?”

ಅವನ ಹೆಸರು ನನಗೆ ಗೊತ್ತಿಲ್ಲ, ಊರಿನ ಹೆಸರು ಗೊತ್ತು. ಅಲ್ಲೇ ವರಾಂಡದಲ್ಲಿ ಕೂತು ಆ ಊರಿನ ಪಂಚಾಯಿತಿಗೆ ಒಂದು ಪತ್ರ ಬರೆದೆ. ಹತ್ತಿದವರು ಐದು, ಇಳಿದವರು ನಾಲ್ಕು, ಹಸಿರು ಸೀರೆ, ಶಾಲೆಯ ಛಾವಣಿ, ನಾನು ಸುಳ್ಳು ಹೇಳಿದ್ದು. ಕೆಳಗೆ ನನ್ನ ಹೆಸರು, ವಿಳಾಸ. ಮುನಿರಾಜು ಪೆನ್ನು ಇಸಿದುಕೊಂಡು ತಾನೂ ಸಹಿ ಹಾಕಿದ. ದಾರಿಯಲ್ಲಿ ಅದನ್ನು ಅಂಚೆ ಡಬ್ಬಿಗೆ ಹಾಕಿ, ಗೌಡನ ಮಗಳು ಊಟಕ್ಕೆ ಕರೆದಿದ್ದಳೆಂದು ಮಲ್ಲೇಶ್ವರಕ್ಕೆ ಹೋದೆವು.

“ಲಿಫ್ಟ್ ಕಂಪ್ನಿಯವ್ರು ಬಂದು ನೋಡ್ಕೊಂಡ್ ಹೋದ್ರು ಸಾರ್. ಏನೂ ತೊಂದ್ರೆ ಇಲ್ವಂತೆ” ಎಂದು ಸೆಕ್ಯೂರಿಟಿಯವನು ರಿಜಿಸ್ಟರ್ ಚಾಚಿದ. ಮುನಿರಾಜು ಪೆನ್ನು ಹಿಡಿದು, ತಲೆಯೆತ್ತಿ ನನ್ನತ್ತ ನೋಡಿದ. ನಾನು ನಾಲ್ಕು ಬೆರಳು ತೋರಿಸಿದೆ. ಅವನು ಬರೆದ.

“ಮೂರೇ ಜನ ಅಲ್ವಾ ಸಾರ್?”

“ನಾಲ್ಕು ಕಣಪ್ಪ” ಎಂದ ಮುನಿರಾಜು. “ಹೋದ್ಸಲ ತಪ್ಪು ಬರ್ದಿದ್ವಿ.”

ಮೂವರೂ ಲಿಫ್ಟ್ ಹತ್ತಿದೆವು. ಅದು ಅರಚಿಕೊಂಡಿತು. ಈ ಸಲ ಗೌಡ ನಗಲಿಲ್ಲ. ನಾನು ಹೊರಗೆ ಬಂದೆ. ಸದ್ದು ನಿಂತಿತು. ಅವರಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು, ಆ ಜಾಗ ನೋಡಿಯೇ ಹೇಳಿದೆ.

“ನೀವು ಹೋಗಿರಿ ಅವ್ವ. ನಾನು ಆಮೇಲೆ ಬರ್ತೀನಿ.”

ಬಾಗಿಲು ಮುಚ್ಚಿತು. ಲಿಫ್ಟು ಮೇಲೆ ಹೋಗುವುದನ್ನು ಕೇಳಿಸಿಕೊಂಡು ನಾನು ಮೆಟ್ಟಿಲು ಹತ್ತಿದೆ.