ಕರುಣಾ ಮಾವಶಿಗೆ ಕೊಡದ ಒಂದು ತಾಸು

ಹೊಸ ಹುಣಸೆಹಣ್ಣಿನ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರುತ್ತದೆ. ನಾನು ಅಲ್ಲಿಂದ ಕಾಲು ಕೀಳುತ್ತೇನೆ. ಮೊನ್ನೆ ಬೆಳಗಾವಿಯ ಖಡೇಬಜಾರಿನಲ್ಲಿ ಅಂಗಡಿಯವನು ಚೀಲದ ಬಾಯಿ ಬಿಚ್ಚಿ, "ತಿಂದ ನೋಡ್ರಿ ಅಕ್ಕಾರ, ಖಾನಾಪುರ ಕಡೀದು" ಅಂದ. ಏನೂ ಕೊಳ್ಳದೆ ಖಾಲಿ ಬಟ್ಟೆಯ ಪಿಶವಿ ಮಡಚಿಕೊಂಡು ಬಂದುಬಿಟ್ಟೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಇದ್ದದ್ದು ನಮ್ಮ ಹಳೆಯ ಮನೆಯ ಪಡಸಾಲೆ: ಗೋಣಿತಟ್ಟಿನ ಮೇಲೆ ಹರವಿದ ಹುಣಸೆ, ಬೀಜ ಬಿಡಿಸಲು ಬಡಿಯುವ ಸುತ್ತಿಗೆಯ ಟಪ್ ಟಪ್ ಸದ್ದು, ಅಂಟು ಅಂಟಾದ ಅವ್ವನ ಬೆರಳು, ಒಳಕೋಣೆಯಲ್ಲಿ ಭಾನುವಾರದ ಬೈಬಲ್ ಪ್ರಸಂಗ ಬರೆಯುತ್ತಿದ್ದ ಅಪ್ಪನ ಬೆನ್ನು. ಆ ಮನೆ ಈಗಿಲ್ಲ, ಆ ಜಾಗದಲ್ಲಿ ನಾಲ್ಕು ಮಾಳಿಗೆಯ ಕಟ್ಟಡ ಎದ್ದಿದೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಹೋಯಿತಲ್ಲ ಎಂದು ಅಳು ಬರುತ್ತದೆ, ಹೋದದ್ದೇ ಒಳ್ಳೆಯದಾಯಿತು ಎಂದೂ ಅನ್ನಿಸುತ್ತದೆ.

ಅಪ್ಪ ಸಾಲಿ ಮಾಸ್ತರ. ಭಾನುವಾರ ಬಂತೆಂದರೆ ಖಾನಾಪುರದ ಹಳ್ಳಿಗಳಿಗೆ ಹೋಗಿ ದೇವರ ವಾಕ್ಯ ಹೇಳುತ್ತಿದ್ದ. ಅವನದು ತೋರಿಕೆಯ ಭಕ್ತಿಯಾಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಒಂದು ದಿನವೂ ಅಡ್ಡಾದವನಲ್ಲ. ಆ ಹೊತ್ತಿನಲ್ಲಿ ಓಣಿಯ ಬಡಮಕ್ಕಳಿಗೆ ಪುಗಸಟ್ಟೆ ಓದು ಕಲಿಸುತ್ತಿದ್ದ. "ಹೊತ್ತು ನಮ್ಮಪ್ಪನ ಮನೀದಲ್ಲ, ದೇವರದು. ಕೆಡಿಸಿದ್ರ ಅವಗ ಜವಾಬು ಕೊಡಬೇಕು" ಅನ್ನುತ್ತಿದ್ದ. ಇದರಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆಯಿತು. ಬೇರೆ ಯಾರ ಮನೆಯಲ್ಲೂ ನಾನದನ್ನು ಕಂಡಿಲ್ಲ. ಬಂದವರಿಗೆ "ಬರ್ರಿ, ಕುಂದರ್ರಿ" ಅಂದ ಮೇಲೆ ನೀರಿನ ತಂಬಿಗೆಯ ಹಿಂದೆಯೇ ಒಂದು ಕೆಲಸವನ್ನೂ ಮುಂದಿಡುವುದು. ಅವರೆ ಸುಲಿಯುವುದೋ, ಅಕ್ಕಿಯ ಹರಳು ಆರಿಸುವುದೋ, ಕಾಲಕ್ಕೆ ತಕ್ಕದ್ದು. ಮಾತಾಡಿ, ಬೇಡ ಎನ್ನುವುದಿಲ್ಲ. ಆದರೆ ಕೈ ನಿಲ್ಲಬಾರದು. ಬಾಜೂ ಮನೆಯ ಫಾತಿಮಾ ಖಾಲಾ, "ಮಾಸ್ತರ ಮನ್ಯಾಗ ಚಾ ಕುಡೀಬೇಕಂದ್ರ ಮೊದಲ ಕೂಲಿ ಮಾಡಬೇಕ ನೋಡವಾ" ಎಂದು ನಗುತ್ತಿದ್ದಳು. ಆಮೇಲಾಮೇಲೆ ಬರುವುದನ್ನೇ ಬಿಟ್ಟಳು. ಹತ್ತು ವರ್ಷದವಳಾಗಿದ್ದ ನನಗೆ ಅಪ್ಪ ಒಪ್ಪಿಸಿದ ಕೆಲಸವೆಂದರೆ ಯಾರ ಕೈ ನಿಂತಿದೆ ಎಂದು ನೋಡಿ ಹೇಳುವುದು. ಎಂಥ ಜಂಬ ಅಂತೀರಿ ನನಗೆ! ದೇವರೇ ನನ್ನನ್ನು ಕಾವಲಿಗೆ ನಿಲ್ಲಿಸಿದ್ದಾನೆ ಅಂದುಕೊಂಡಿದ್ದೆ.

ಶುಭ ಶುಕ್ರವಾರದ ಹಿಂದಿನ ವಾರ ಅವ್ವನ ತಂಗಿ ಕರುಣಾ ಮಾವಶಿ ಖಾನಾಪುರದಿಂದ ಬೆಳಗಿನ ರೈಲಿಗೆ ಒಬ್ಬಳೇ ಬಂದಳು. ಹಾಗೆ ಒಬ್ಬಳೇ ಬರುವವಳಲ್ಲ. ಚಪ್ಪಲಿ ಬಿಡುತ್ತಲೇ, "ಅಕ್ಕಾ, ನಿನ್ನ ಕೂಡ ಒಂಚೂರ ಮಾತಾಡೂದೈತಿ" ಅಂದಳು. ಅವ್ವ ಬಾಯಿ ತೆರೆಯುವ ಮೊದಲೇ ನಾನು ಹುಣಸೆಯ ಬುಟ್ಟಿ, ಸುತ್ತಿಗೆ ತಂದು ಮಾವಶಿಯ ಮುಂದಿಟ್ಟೆ. ಅವಳು ನನ್ನ ಮುಖ ನೋಡಿದಳು, ನಕ್ಕಳು, ಎಡಗೈಯಲ್ಲಿ ಸುತ್ತಿಗೆ ಹಿಡಿದಳು. ಬಲಗೈ ಮಡಿಲಲ್ಲೇ ಇತ್ತು. ಆ ಸದ್ದಿನಲ್ಲಿ ಮಾತು ಎಲ್ಲಿಂದ ಕೇಳಬೇಕು? ಎರಡು ಸಲ ಬಡಿಯುವುದನ್ನು ಬಿಟ್ಟು "ಅಕ್ಕಾ" ಅಂದಳು. ಎರಡು ಸಲವೂ ನಾನು, "ಮಾವಶಿ, ಕೈ ನಿಂತೈತಿ" ಅಂದೆ. ಮೇಲಿಂದ, "ಎಡಗೈಲೆ ಬಡಿದ್ರ ಯಾವಾಗ ಮುಗೀತೈತಿ?" ಎಂದೂ ಕೇಳಿದೆ. ಅವ್ವ ತಲೆಯೆತ್ತಿ ತಂಗಿಯ ಮುಖ ನೋಡಿದಳು. ಒಳಗಿನಿಂದ ಅಪ್ಪನ ದನಿ ಬಂತು: "ಕೆಲಸ ಮುಗೀಲಿ, ಮಾತು ಎಲ್ಲಿ ಓಡಿ ಹೊಕ್ಕಾವು?" ಕೆಲಸ ಮುಗಿಯುವ ಹೊತ್ತಿಗೆ ರೈಲಿನ ಹೊತ್ತಾಗಿತ್ತು. ಮಾವಶಿ ಕೈ ತೊಳೆದು, "ಇರಲಿ ಬಿಡಕ್ಕಾ, ಮುಂದಿನ ಸಲ ಬಂದಾಗ ಹೇಳ್ತೀನಿ" ಅಂದು ಹೊರಟಳು.

ಮುಂದಿನ ಸಲ ಬರಲಿಲ್ಲ. ಅವಳ ಎದೆಯಲ್ಲಿ ಗಂಟಾಗಿತ್ತು, ಅದಕ್ಕೇ ಬಲಗೈ ಎತ್ತಲಾಗುತ್ತಿರಲಿಲ್ಲ. ಗಂಡನಿಗೆ ಹೇಳಲು ನಾಚಿಕೆ, ಹೇಳಬೇಕೆಂದರೆ ಅಕ್ಕನೊಬ್ಬಳೇ. ನಮಗೆ ಗೊತ್ತಾದದ್ದು ಮಳೆಗಾಲದಲ್ಲಿ. ಬೇಸಿಗೆಯಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಖಾನಾಪುರದ ಕೆಂಪು ರಾಡಿಯಲ್ಲಿ ಅವಳನ್ನು ಮಣ್ಣು ಮಾಡುವಾಗ ಅಪ್ಪ ಪ್ರಾರ್ಥನೆ ಮಾಡಿ, ಮನುಷ್ಯನಿಗೆ ಸಿಗುವ ಹೊತ್ತು ಎಷ್ಟು ಸ್ವಲ್ಪ, ಅದನ್ನು ಹೇಗೆ ಬಳಸಬೇಕು ಎಂದು ಅರ್ಧ ತಾಸು ಪ್ರಸಂಗ ಮಾಡಿದ. ನನಗೆ ಇವತ್ತಿಗೂ ಸಿಟ್ಟು ಬರುವುದು ಅಲ್ಲಿಯೇ. ದೇವರು ಆ ದಿನ ಕಳಿಸಿದ ಕೆಲಸ ಹುಣಸೆಯಲ್ಲ ಮಾರಾಯನೇ, ಕರುಣಾ ಮಾವಶಿ! ಆದರೆ ಅಪ್ಪನನ್ನು ಬೈದು ನಾನು ಪಾರಾಗುವಂತಿಲ್ಲ, ಬುಟ್ಟಿ ತಂದಿಟ್ಟವಳು ನಾನು.

ಬೆಳಗಾವಿಗೆ ಮರಳಿದ ಮರುದಿನ ಊಟವಾದ ಮೇಲೆ ಅವ್ವ ಪಡಸಾಲೆಯಲ್ಲಿ, ಅಪ್ಪನ ಕಣ್ಣೆದುರೇ, ಗೋಡೆಗೆ ಒರಗಿ ಕೂತಳು. ಎರಡೂ ಕೈ ಮಡಿಲಲ್ಲಿ, ಖಾಲಿ. "ಏನಿದು?" ಎಂದು ಅಪ್ಪ ಕೇಳಿದ. "ಈ ತಾಸು ಕರುಣಾಂದು. ನಿಮ್ಮ ದೇವರು ಜವಾಬು ಕೇಳಿದ್ರ ನಾ ಕೊಡ್ತೀನಿ." ಅಪ್ಪ ವಾಕ್ಯ ಹೇಳಿ ನೋಡಿದ, ಗದರಿಸಿ ನೋಡಿದ, ಕೊನೆಗೆ ಒಳಕೋಣೆಗೆ ಹೋದ. ಸಾಯುವ ತನಕ ಅವ್ವ ದಿನಾ ಹಾಗೆ ಕೂತಳು. ಅಪ್ಪ ಮುದುಕನಾದ ಮೇಲೆ ಒಳಕೋಣೆಯಲ್ಲಿ ಪುಸ್ತಕ ಮುಚ್ಚಿಟ್ಟು ಆ ತಾಸು ಮುಗಿಯುವುದನ್ನೇ ಕಾಯುತ್ತಿದ್ದ.

ಮೊದಲ ವಾರದಲ್ಲೇ ಒಂದು ದಿನ ನಾನೂ ಹೋಗಿ ಅವ್ವನ ಬಾಜೂಕ್ಕೆ ಕೂತೆ, ಅವಳ ಹಾಗೇ ಕೈ ಮಡಿಲಲ್ಲಿಟ್ಟುಕೊಂಡೆ. ಅವ್ವ ಸಿಟ್ಟು ಮಾಡಲಿಲ್ಲ. ನನ್ನ ಕೈಗಳನ್ನು ನೋಡಿದಳು, ತಲೆ ಸವರಿದಳು.

"ನೀ ಏಳವಾ" ಅಂದಳು, "ನಿನಗ ಕೆಲಸ ಇರತಾವು."