ಹಾರ್ವನ್‌ನ ಬಿಲ್ಲೆ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ. ನಾಳೆ, ನಾಡಿದ್ದು ಎನ್ನುತ್ತಲೇ ಮುದುಕನಾದೆ. ಗಲ್ಫಿನ ಬಿನ್ ಒಮ್ರಾನ್ ಬಡಾವಣೆಯಲ್ಲಿರುವ ನನ್ನ ಮಗಳ ಫ್ಲಾಟಿನಲ್ಲಿ ಈಗ ಕೂತಲ್ಲಿ ಕೂರಲಾಗುವುದಿಲ್ಲ. ಕಿಟಕಿಗೂ ಬಾಗಿಲಿಗೂ ಸುಮ್ಮನೆ ನಡೆಯುತ್ತಿರುತ್ತೇನೆ. "ಅಜ್ಜ, ಯಲ್ಲಾ, ಒಂದ್ಸಲ ಸಿಟ್ ಮಾಡಿ. ನಂಗೆ ತಲೆ ತಿರುಗ್ತದೆ," ಎನ್ನುತ್ತಾಳೆ ಮೊಮ್ಮಗಳು.

ಆಗೆಲ್ಲ ನನ್ನ ತಂದೆಯಂತೆ ಸೈನ್ಯದ ಲಾರಿ ಓಡಿಸುವವರ ಮಕ್ಕಳಿಗೆ ಊರು ಎಂಬುದು ಬದಲಾಗುತ್ತಲೇ ಇತ್ತು. ನನಗೆ ಒಂಬತ್ತು ವರ್ಷವಿದ್ದಾಗ, ಅಕ್ರೋಟು ಕೊಯ್ಲಿನ ಹೊತ್ತಿಗೆ, ಉಳ್ಳಾಲದಿಂದ ಕಾಶ್ಮೀರ ಕಣಿವೆಯ ಹಾರ್ವನ್‌ಗೆ ಹೋದೆವು. ಮನೆಯೊಳಗೆ ಉಮ್ಮ ಹುರಿಯುವ ಒಣಮೀನಿನ ವಾಸನೆ, ಹೊರಗೆ ಅಕ್ರೋಟು ಸಿಪ್ಪೆಯ ಒಗರು ವಾಸನೆ. ಗುಡ್ಡದ ಮೇಲೆ ಹಳೆಯ ಬೌದ್ಧ ವಿಹಾರದ ಅವಶೇಷ. ಕಲ್ಲಿನ ಅಡಿಪಾಯದ ಸುತ್ತ ಸುಟ್ಟ ಮಣ್ಣಿನ ಹಾಸುಹಂಚುಗಳು. ಅವುಗಳ ಮೇಲೆ ಅಚ್ಚೊತ್ತಿದ ಜಿಂಕೆ, ಬಾತು, ಮಂಡಿ ಮಡಚಿ ಕೂತ ಸನ್ಯಾಸಿ. ಅಲ್ಲಿನ ಕಾವಲುಗಾರನ ಮಗಳೇ ನನ್ನ ಜೊತೆಗಾತಿ. ಅವಳು ನನಗೆ ಉಪ್ಪು ಚಹಾ ಕುಡಿಯಲು ಕಲಿಸಿದಳು, ನಾನು ಅವಳಿಗೆ ಕುಂಟಾಬಿಲ್ಲೆ ಕಲಿಸಿದೆ.

ಬಿಲ್ಲೆಯಾಗಿ ಎಸೆದ ಅಲ್ಲಿಯ ಹೊಳೆಗಲ್ಲು ಗೆರೆ ಎಳೆದ ಮನೆಯಲ್ಲಿ ನಿಲ್ಲದೆ ಉರುಳುತ್ತಿತ್ತು. "ನಿನ್ನ ಆಟವೇ ಸರಿ ಇಲ್ಲ, ಲಾರಿ," ಎಂದು ಅಣಕಿಸಿದಳು. ನನ್ನನ್ನು ಲಾರಿ ಎಂದೇ ಕರೆಯುತ್ತಿದ್ದಳು. ನಮ್ಮೂರಿನಲ್ಲಿ ಒಡೆದ ಹಂಚೆಂದರೆ ಬಿಲ್ಲೆ, ಕೇಳುವವರಿಲ್ಲ. ಅವಳ ತಂದೆ ನಮಾಜಿಗೆ ಹೋದಾಗ ಬಿರುಕು ಬಿಟ್ಟ ಹಾಸುಹಂಚೊಂದರ ಮೂಲೆಯನ್ನು ಕುಟ್ಟಿ ಬಿಡಿಸಿಕೊಂಡೆ. ಅಂಗೈಯಷ್ಟು ತುಂಡು, ಅದರಲ್ಲಿ ಜಿಂಕೆಯ ಮುಖ.

"ಎಲ್ಲಿಂದ ತಂದೆ?"

"ನಮ್ಮೂರಿಂದ."

ಜಿಂಕೆಯ ಮುಖ ಕೆಳಗಾಗಿ ಹಿಡಿದಿದ್ದೆ, ಅವಳು ನಂಬಿದಳು. ಆಡಿದೆವು. ಅವಳು ಕುಂಟುತ್ತ ಬಿಲ್ಲೆ ಎತ್ತಿಕೊಂಡ ಕ್ಷಣವೇ ತಪಾಸಣೆಯ ಸಾಹೇಬರು ಮೆಟ್ಟಿಲು ಹತ್ತಿ ಬಂದರು.

"ಇದನ್ನು ಕಿತ್ತದ್ದು ಯಾರು?"

ಅವಳು ಮಡಚಿದ ಕಾಲನ್ನು ಇನ್ನೂ ಇಳಿಸಿರಲಿಲ್ಲ. ನನ್ನನ್ನೇ ನೋಡಿದಳು. ಹೇಳಲಿಲ್ಲ. ನಾನೂ ಹೇಳಲಿಲ್ಲ.

"ಕಾವಲುಗಾರನ ಮಗಳೇ ಹೀಗಾದರೆ ಕಾವಲು ಯಾತಕ್ಕೆ," ಎಂದರು ಸಾಹೇಬರು. ಆ ಸಂಜೆಯೇ ಅವಳ ತಂದೆಯ ಕೆಲಸ ಹೋಯಿತು. ಬೆಳಗಾಗುವಾಗ ಅವರ ಮನೆಗೆ ಬೀಗ.

"ಪಾಪ, ಎಂತ ಆಯ್ತಂತೆ? ನಿಂಗೆ ಗೊತ್ತುಂಟಾ?" ಎಂದು ಉಮ್ಮ ಕೇಳಿದರು.

"ಗೊತ್ತಿಲ್ಲ," ಎಂದೆ.

ಮೊಮ್ಮಗಳಿಗೆ ಕುಂಟಾಬಿಲ್ಲೆ ಬರುವುದಿಲ್ಲ. ಲಾಬಿಯ ನೆಲದಲ್ಲಿ ಗೆರೆ ಎಳೆದರೆ ಬೈಗುಳ ವಾಚ್‌ಮನ್‌ಗೆ. ಹಾಗಾಗಿ ನಾನು ಕಲಿಸಿಲ್ಲ. ಉಮ್ಮ ಇಲ್ಲ. ಉಪ್ಪು ಚಹಾದ ರುಚಿ ನಾಲಗೆಗೆ ಮರೆತಿದೆ. ಆ ನೋಟ ಮಾತ್ರ ಮರೆತಿಲ್ಲ.

ಇಲ್ಲೇ ನಜ್ಮಾ ಪೇಟೆಯಲ್ಲಿ ಹಾರ್ವನ್ ಕಡೆಯವನೊಬ್ಬ ಶಾಲು ರಫೂ ಮಾಡುತ್ತಾನೆ. ಎಷ್ಟೋ ಶುಕ್ರವಾರ ಅವನ ಅಂಗಡಿ ತನಕ ನಡೆದು, ಹಾಗೇ ವಾಪಸಾಗಿದ್ದೇನೆ. ಹೋದ ವಾರ ಒಳಗೆ ಹೋದೆ.

"ಏನು ಬೇಕು, ಚಾಚಾ?"

"ನಿಮ್ಮೂರಿನವರೊಬ್ಬರನ್ನು ವಿಚಾರಿಸಬೇಕಿತ್ತು. ಹಳೇ ವಿಹಾರದ ಕಾವಲುಗಾರನ ಮಗಳು."

ಅವನು ಸೂಜಿ ನಿಲ್ಲಿಸಿ ತಲೆ ಎತ್ತಿದ. "ಹೆಸರು?"

ಒಬ್ಬನೇ ಇದ್ದಾಗಲೂ ನನ್ನ ಬಾಯಿಗೆ ಬಾರದ ಹೆಸರು ಅದು.

"ಝೂನಾ," ಎಂದೆ.